ನಂಜನಗೂಡಿನ ಸಂಪಾದಕಿ ಮತ್ತು ನನ್ನ ವಾರದ ಅಂಕಣ

ನಂಜನಗೂಡು ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ಶ್ರೀಕಂಠೇಶ್ವರ, ರಸಬಾಳೆ, ಹಲ್ಲುಪುಡಿ. ಆ ಹಲ್ಲುಪುಡಿ ಮಾಡಿದ ಬಿ.ವಿ. ಪಂಡಿತರ ಸದ್ವೈದ್ಯಶಾಲೆ ಶುರುವಾಗಿದ್ದು 1913ರಲ್ಲಿ. ಅದೇ ವರ್ಷ ಅದೇ ಊರಿನ 26 ವರ್ಷದ ಒಬ್ಬ ವಿಧವೆ ತಾನೇ ಒಂದು ಗ್ರಂಥಮಾಲೆ ಹುಟ್ಟುಹಾಕಿ, ತಾನೇ ಬರೆದ ಕಾದಂಬರಿಯನ್ನು ಅಚ್ಚು ಹಾಕಿಸಿ, ತಾನೇ ಮಾರಲು ಹೊರಟರು. ಹಲ್ಲುಪುಡಿ ಮನೆಮನೆಗೂ ಗೊತ್ತು. ಈ ಹೆಣ್ಣುಮಗಳ ಹೆಸರು ಗೊತ್ತಿರುವವರು ಎಷ್ಟು ಜನ ಹೇಳಿ?

ತಿರುಮಲಾಂಬ. ನಂಜನಗೂಡು ತಿರುಮಲಾಂಬ.

ಅವರನ್ನು ಕನ್ನಡದ ಮೊದಲ ಪತ್ರಕರ್ತೆ, ಮೊದಲ ಪ್ರಕಾಶಕಿ ಅಂತ ಕರೆಯುತ್ತಾರೆ. ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಒಂದು ಅಂಕದ ಪ್ರಶ್ನೆಯಾಗಿ ಬರುತ್ತಾರೆ, ಕೆಎಎಸ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. 'ಮೊದಲು' ಅನ್ನುವ ಪದಕ ಹಾಕಿ ಕಳಿಸಿಬಿಟ್ಟರೆ ಆಮೇಲೆ ಅವರು ಏನು ಮಾಡಿದರು ಅಂತ ಯಾರೂ ಕೇಳುವುದಿಲ್ಲ. ನನಗೆ ಅದನ್ನೇ ಹೇಳಬೇಕು. ಬೇರೆಯವರ ಪತ್ರಿಕೆಯಲ್ಲಿ ಇಷ್ಟು ವರ್ಷ ಅಂಕಣ ಬರೆದವಳಾಗಿ ಹೇಳಬೇಕು.

ತಿರುಮಲಾಂಬ ಹುಟ್ಟಿದ್ದು 1887ರಲ್ಲಿ. ತಂದೆ ವೆಂಕಟಕೃಷ್ಣ ಅಯ್ಯಂಗಾರ್, ವಕೀಲರು. ಹತ್ತನೇ ವಯಸ್ಸಿಗೆ ಮದುವೆ. ಅಷ್ಟೊತ್ತಿಗೆ ಮೈಸೂರು ಸಂಸ್ಥಾನದಲ್ಲಿ ಬಾಲ್ಯವಿವಾಹ ತಡೆಯುವ ಕಾನೂನು ಬಂದಿತ್ತು ಅನ್ನುವುದು ಜಾಸ್ತಿ ಜನಕ್ಕೆ ಗೊತ್ತಿಲ್ಲ. 1894ರ ಕಾನೂನು ಅದು. ಇಡೀ ದೇಶಕ್ಕೇ ಮಾದರಿ ಅಂತ ನಾವು ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದರಲ್ಲಿ ಇದ್ದಿದ್ದೇನು? 8 ವರ್ಷ ತುಂಬದ ಹುಡುಗಿಗೆ ಮದುವೆ ಮಾಡುವಂತಿಲ್ಲ, 50 ದಾಟಿದ ಗಂಡಸು 14 ತುಂಬದ ಹುಡುಗಿಯನ್ನು ಕಟ್ಟಿಕೊಳ್ಳುವಂತಿಲ್ಲ. ಅಂದರೆ 10 ವರ್ಷದ ತಿರುಮಲಾಂಬ ಅವರ ಮದುವೆ ಪೂರ್ತಿ ಕಾನೂನುಬದ್ಧ. ಸುಧಾರಣೆ ಆಗಿತ್ತು, ಆದರೆ ಅವರಿಗೆ ಅದರಿಂದ ಏನೂ ಸಿಗಲಿಲ್ಲ.

14ನೇ ವಯಸ್ಸಿಗೆ ಗಂಡ ಪ್ಲೇಗಿಗೆ ತೀರಿಕೊಂಡರು. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಮೈಸೂರನ್ನೂ ಬಿಡಲಿಲ್ಲ. ನಾವು ಇವತ್ತು ಮೈಸೂರಿನ ಅಗಲವಾದ ರಸ್ತೆಗಳನ್ನು ಹೊಗಳುತ್ತೇವಲ್ಲ, 1903ರಲ್ಲಿ ನಗರಾಭಿವೃದ್ಧಿ ಮಂಡಳಿ ಮಾಡಿ ಹೊಸ ಬಡಾವಣೆ ಕಟ್ಟಲು ಹೊರಟಿದ್ದರ ಹಿಂದೆ ಆ ಮಾರಿಯ ಭಯವೂ ಇತ್ತು. ಊರಿಗೆ ಚೌಕ ಬಂತು, ಪಾರ್ಕು ಬಂತು. ಪ್ಲೇಗಿನಲ್ಲಿ ಗಂಡನನ್ನು ಕಳೆದುಕೊಂಡ ಆ ವಯಸ್ಸಿನ ಹುಡುಗಿಯರಿಗೆ ಹಿತ್ತಲು, ಅಡುಗೆಮನೆ, ಮಡಿ ಸೀರೆ ಬಂತು.

ಇಲ್ಲಿ ತಂದೆಯ ಪಾತ್ರ ದೊಡ್ಡದು. ಮಗಳನ್ನು ಮೂಲೆಗೆ ಕೂರಿಸಲಿಲ್ಲ. ಮನೆಯಲ್ಲೇ ಓದಿಸಿದರು. ಕನ್ನಡ, ತಮಿಳು, ತೆಲುಗು ಕಲಿತರು, ಪುರಾಣ ಓದಿದರು, ಹಾಡು ಕಟ್ಟಿದರು, ಮನೆಗೆ ಬರುವ ಹೆಂಗಸರಿಗೆ ಕಥೆ ಓದಿ ಹೇಳುತ್ತಿದ್ದರು. ಆಮೇಲೆ ಮನೆಯಲ್ಲೇ ಹೆಣ್ಣುಮಕ್ಕಳಿಗೆ ಪಾಠ ಶುರು ಮಾಡಿದರು. ಮೈಸೂರಿನಲ್ಲಿ ಮಹಾರಾಣಿ ಶಾಲೆ 1881ರಿಂದಲೇ ಇತ್ತು ನಿಜ. ಆದರೆ ನಂಜನಗೂಡಿನ ಬಾಲವಿಧವೆಗೆ ಮೈಸೂರಿನ ಶಾಲೆ ರೈಲಿಗೆ ಅರ್ಧ ದಿನದ ದೂರವೂ ಅಲ್ಲ, ಆದರೂ ಎಷ್ಟು ದೂರ ಅಂತ ನಮ್ಮ ಅಜ್ಜಿಯರನ್ನು ಕೇಳಿದ್ದರೆ ಹೇಳುತ್ತಿದ್ದರು.

ಈಗ 1913ಕ್ಕೆ ಬರೋಣ. ಗ್ರಂಥಮಾಲೆಯ ಹೆಸರು 'ಸತಿ ಹಿತೈಷಿಣಿ'. ಮೊದಲ ಪುಸ್ತಕ 'ಸುಶೀಲೆ'. ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಲು ಇನ್ನೂ ಎರಡು ವರ್ಷ ಇತ್ತು. ಮೈಸೂರು ವಿಶ್ವವಿದ್ಯಾನಿಲಯಕ್ಕೆ ಮೂರು ವರ್ಷ. ಅಂದರೆ ಕನ್ನಡಕ್ಕೆ ಅಂತ ಒಂದು ಸಂಸ್ಥೆ, ಒಂದು ಕುರ್ಚಿ, ಒಂದು ಅನುದಾನ ಯಾವುದೂ ಸರಿಯಾಗಿ ಇಲ್ಲದಿದ್ದಾಗ ಈಕೆ ತಾಲ್ಲೂಕು ಊರಿನಲ್ಲಿ ಕೂತು ಪ್ರಕಾಶನ ನಡೆಸಿದರು. ಅಷ್ಟೇ ಅಲ್ಲ, 1908ರಲ್ಲಿ ಸಂಸ್ಥಾನದಲ್ಲಿ ಪತ್ರಿಕಾ ಕಾನೂನು ಬಂದಿತ್ತು. ಪತ್ರಿಕೆ ನಡೆಸಲು ಸರ್ಕಾರದ ಅಪ್ಪಣೆ ಬೇಕು. ಅದನ್ನು ಪ್ರತಿಭಟಿಸಿ ನಮ್ಮ ಮೈಸೂರಿನ ತಾತಯ್ಯ, ಎಂ. ವೆಂಕಟಕೃಷ್ಣಯ್ಯನವರು, ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದ್ದರು. ಅಂಥ ದೊಡ್ಡ ಗಂಡಸರೇ ಸುಸ್ತಾಗಿದ್ದ ಕಾಲ ಅದು. 'ಸುಶೀಲೆ' ಮತ್ತೆ ಮತ್ತೆ ಅಚ್ಚಾಯಿತು. ಮೂರ್ನಾಲ್ಕು ವರ್ಷದಲ್ಲಿ 'ಕರ್ನಾಟಕ ನಂದಿನಿ' ಅಂತ ತಿಂಗಳ ಪತ್ರಿಕೆಯನ್ನೂ ಶುರು ಮಾಡಿದರು. ಅದು ನಿಂತ ಮೇಲೆ 1920ರ ದಶಕದಲ್ಲಿ ಇನ್ನೊಂದನ್ನು.

ಇವತ್ತಿನ ಹುಡುಗಿಯರಿಗೆ ಆ ಗ್ರಂಥಮಾಲೆಯ, ಪುಸ್ತಕದ ಹೆಸರು ಹೇಳಿದರೆ ಮುಖ ಹುಳಿ ಮಾಡುತ್ತಾರೆ. ಸತಿಯಂತೆ, ಸುಶೀಲೆಯಂತೆ! ಅವರು ಹಾಗೆ ಮಾಡುವುದರಲ್ಲಿ ತಪ್ಪೇನಿಲ್ಲ. ದಾರಿ ತಪ್ಪಿದ ಗಂಡನನ್ನು ತಾಳ್ಮೆಯಿಂದ ಸರಿದಾರಿಗೆ ತರುವ ಹೆಂಡತಿಯ ಕಥೆ ನನಗೂ ಇಷ್ಟವಿಲ್ಲ. ಆ ತಾಳ್ಮೆಯ ಪಾಠ ಕೇಳಿ ಕೇಳಿ ನಮ್ಮ ತಾಯಂದಿರು ಸವೆದುಹೋಗಿದ್ದನ್ನು ನೋಡಿದ್ದೇನೆ. ತಿರುಮಲಾಂಬ ಬರಹದಲ್ಲಿ ಧರ್ಮ ಬಿಟ್ಟು ಆಚೆ ಬರಲಿಲ್ಲ. ಹೆಣ್ಣು ಓದಬೇಕು, ಬರೆಯಬೇಕು, ಲೋಕ ತಿಳಿಯಬೇಕು ಅಂದರು, ಆದರೆ ಮನೆಯ ಹೊಸಿಲು ಮುರಿಯಿರಿ ಅನ್ನಲಿಲ್ಲ. ಇದನ್ನು ಮುಚ್ಚಿಡಬೇಕಾಗಿಲ್ಲ.

ನಾನು ಹೇಳುವುದು ಇಷ್ಟೇ. ಆಕೆ ಬರೆದಿದ್ದನ್ನು ಮಾತ್ರ ಓದಬೇಡಿ, ಮಾಡಿದ್ದನ್ನೂ ಓದಿ.

ಒಂದು ತಿಂಗಳ ಪತ್ರಿಕೆ ತರುವುದು ಅಂದರೆ ಏನು ಅಂತ ನನಗೆ ಕೈಯಾರೆ ಗೊತ್ತು. ಎಂಬತ್ತರ ದಶಕದಲ್ಲಿ ನಾವು ಕೆಲವು ಹುಡುಗಿಯರು ಸೇರಿ ಮೈಸೂರಿನಲ್ಲಿ ಒಂದು ಪುಟ್ಟ ಪತ್ರಿಕೆ ತರುತ್ತಿದ್ದೆವು. ಹದಿನಾರು ಪುಟ, ಅಷ್ಟೇ. ಶಿವರಾಂಪೇಟೆಯ, ಸೀಸದ ಅಕ್ಷರದ ಮೊಳೆ ಜೋಡಿಸುವ ಒಂದು ಪ್ರೆಸ್ಸಿನಲ್ಲಿ ಅಚ್ಚಾಗುತ್ತಿತ್ತು. ಕನ್ನಡ ಮೊಳೆ ಜೋಡಿಸುವುದು ನೋಡಿದ್ದೀರಾ? ಎದುರಿಗೆ ಮರದ ಕೇಸು, ಅದರ ತುಂಬಾ ಸಣ್ಣ ಸಣ್ಣ ಗೂಡು. ಕಾಗುಣಿತಕ್ಕೆ ಒಂದೊಂದು, ಒತ್ತಕ್ಷರಕ್ಕೆ ಬೇರೆ. ಕಂಪೋಸಿಟರ್ ಎಡಗೈಯಲ್ಲಿ ಸ್ಟಿಕ್ಕು ಹಿಡಿದು ಬಲಗೈಯಿಂದ ನೋಡದೆಯೇ ಮೊಳೆ ಎತ್ತುತ್ತಿದ್ದರು, ಅಕ್ಷರ ಎಲ್ಲಾ ತಿರುಗುಮುರುಗು. ತಪ್ಪು ತಿದ್ದಲು ಗ್ಯಾಲಿ ಪ್ರೂಫ್, ಅಂದರೆ ಕರಡಚ್ಚು, ಕೊಟ್ಟರೆ ಅದರ ತುಂಬಾ ಮಸಿ, ಬೆರಳಿಗೆಲ್ಲಾ ಹತ್ತುತ್ತಿತ್ತು. ಒಂದು ಒತ್ತು ಬದಲಾದರೆ ಸಾಲನ್ನೇ ಬಿಚ್ಚಬೇಕು. ನಾವು ಪ್ರೂಫಿನಲ್ಲಿ ಹೊಸ ವಾಕ್ಯ ಸೇರಿಸಿದರೆ ಕಂಪೋಸಿಟರ್ ಯಜಮಾನರು, "ಬರೆಯೋವಾಗ್ಲೇ ಯೋಚ್ನೆ ಮಾಡ್ರಮ್ಮಾ, ಸೀಸಕ್ಕೆ ನಿಮ್ ಮನಸ್ಸು ಬದ್ಲಾಗೋದು ಗೊತ್ತಾಗಲ್ಲ" ಅನ್ನುತ್ತಿದ್ದರು. ಟ್ರೆಡಲ್ ಮಷಿನ್ನಿನಿಂದ ಬಂದ ಹಾಳೆ ಮಡಚಬೇಕು, ಪಿನ್ನು ಹೊಡೆಯಬೇಕು, ಮೈದಾ ಅಂಟು ಕಾಯಿಸಿ ವಿಳಾಸದ ಚೀಟಿ ಅಂಟಿಸಬೇಕು, ಬುಕ್ ಪೋಸ್ಟಿನ ಸ್ಟ್ಯಾಂಪು ಹಚ್ಚಬೇಕು, ತಾಲ್ಲೂಕುವಾರು ಕಟ್ಟು ಕಟ್ಟಿ ರೈಲ್ವೆ ಸ್ಟೇಷನ್ನಿನ ಆರ್‌ಎಂಎಸ್ ಅಂಚೆ ಕಚೇರಿಗೆ ಒಯ್ಯಬೇಕು. ಆಮೇಲೆ ಚಂದಾ ಮುಗಿದವರಿಗೆ ಕಾರ್ಡು. ಕಾರ್ಡಿಗೆ ಉತ್ತರ ಬರುವುದಿಲ್ಲ. ಇನ್ನೊಂದು ಕಾರ್ಡು. ಅಷ್ಟರಲ್ಲಿ ಮುಂದಿನ ತಿಂಗಳು ಬಂದಿರುತ್ತದೆ, ಪ್ರೆಸ್ಸಿನವರಿಗೆ ಹಳೇ ಬಾಕಿ ಕೊಟ್ಟಿರುವುದಿಲ್ಲ.

ನಮಗೆ ಬಸ್ಸಿತ್ತು, ಸೈಕಲ್ಲಿತ್ತು, ಪ್ರೆಸ್ಸಿಗೆ ನಾವೇ ಹೋಗಿ ಕೂರಬಹುದಿತ್ತು. ಬೀದಿಯಲ್ಲಿ ಯಾರಾದರೂ ಏನಾದರೂ ಅಂದರೆ ತಿರುಗಿ ಬಯ್ಯುವ ಧೈರ್ಯವಿತ್ತು. ಅಷ್ಟಿದ್ದೂ ನಮ್ಮ ಪತ್ರಿಕೆ ಕೆಲವೇ ವರ್ಷಕ್ಕೆ ನಿಂತುಹೋಯಿತು. ಎದುರಿಗೆ ಬಂದರೆ ಅಪಶಕುನ ಅಂತ ಜನ ಮುಖ ತಿರುಗಿಸುತ್ತಿದ್ದ ಕಾಲದ ಒಬ್ಬ ವಿಧವೆ ಇದನ್ನು ತಿಂಗಳು ತಿಂಗಳೂ ನಡೆಸಿದರು ಅಂದರೆ, ಆ ಪತ್ರಿಕೆಯಲ್ಲಿ ಪಾತಿವ್ರತ್ಯದ ಮೇಲೆ ಲೇಖನ ಇದ್ದರೂ ನನಗೆ ಅದು ಬಂಡಾಯವೇ. ಅಪಶಕುನ ಅನ್ನಿಸಿಕೊಂಡವಳ ಹೆಸರು ಹೊತ್ತ ಕಟ್ಟು ಅಂಚೆಯವನ ಕೈಯಲ್ಲಿ ಮುತ್ತೈದೆಯರ ಮನೆಯ ನಡುಮನೆಗೇ ಹೋಗಿ ಬೀಳುತ್ತಿತ್ತು, ಅಲ್ವಾ?

ಇವರ ಹಿಂದೆಯೇ ಬಂದವರು ಬೆಂಗಳೂರಿನ ಆರ್. ಕಲ್ಯಾಣಮ್ಮ. ಅವರೂ ಬಾಲವಿಧವೆ. 1921ರಲ್ಲಿ 'ಸರಸ್ವತಿ' ಪತ್ರಿಕೆ ಶುರು ಮಾಡಿ ನಾಲ್ಕು ದಶಕ ನಡೆಸಿದರು. ನಡುವೆ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟವನ್ನೂ ಕಟ್ಟಿದರು. ಆ ನಾಲ್ಕು ದಶಕದಲ್ಲಿ ಯುದ್ಧ ಬಂತು, ಕಾಗದಕ್ಕೆ ರೇಷನ್ ಬಂತು, ಸ್ವಾತಂತ್ರ್ಯ ಬಂತು, ಏಕೀಕರಣ ಆಯಿತು. ಪತ್ರಿಕೆ ನಿಲ್ಲಲಿಲ್ಲ. ಎಷ್ಟೋ ದೊಡ್ಡ ಹೆಸರಿನ ಸಾಹಿತ್ಯ ಪತ್ರಿಕೆಗಳು ಹತ್ತು ವರ್ಷ ಬಾಳಲಿಲ್ಲ. ಇಬ್ಬರೂ ಬಾಲವಿಧವೆಯರೇ ಆಗಿದ್ದು ಆಕಸ್ಮಿಕ ಅಂತ ನನಗೆ ಅನಿಸುವುದಿಲ್ಲ. ಗಂಡನ ಮನೆ, ಹೆರಿಗೆ, ಬಾಣಂತನದಲ್ಲಿ ಮುಳುಗಿದ್ದ ಅವರ ಓರಗೆಯವರಿಗೆ ತಿಂಗಳಿಗೊಂದು ಪತ್ರ ಬರೆಯಲೂ ಪುರುಸೊತ್ತು ಸಿಗುತ್ತಿರಲಿಲ್ಲ. ಸಮಾಜ ಯಾವ ಹೆಣ್ಣನ್ನು 'ಇನ್ನು ಇವಳಿಂದ ಏನೂ ಆಗಬೇಕಾಗಿಲ್ಲ' ಅಂತ ಬದಿಗೆ ಸರಿಸಿತೋ ಅವಳ ಕೈಗೇ ಸಮಯ ಸಿಕ್ಕಿತು. ಈ ಮಾತು ಬರೆಯುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನನ್ನ ಅಂಕಣದ ವಿಚಾರಕ್ಕೆ ಬರುತ್ತೇನೆ. ಯಾವ ಪತ್ರಿಕೆ ಅಂತ ಇಲ್ಲಿ ಬೇಡ. ವಾರಕ್ಕೊಂದು ಬರೆಯುತ್ತಿದ್ದೆ. ವರದಕ್ಷಿಣೆ, ಗಾರ್ಮೆಂಟ್ಸ್ ಹುಡುಗಿಯರ ಬಸ್ಸು, ಅಂಗನವಾಡಿಯವರ ಗೌರವಧನ, ಆಸ್ತಿಯಲ್ಲಿ ಪಾಲು ಕೇಳಿದ ತಂಗಿಯನ್ನು ಹಬ್ಬಕ್ಕೆ ಕರೆಯದ ಅಣ್ಣಂದಿರು. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆ ಪ್ರಕರಣ ಬಯಲಾಯಿತು. ಕಬ್ಬು ಅರೆದು ಬೆಲ್ಲ ಕಾಯಿಸುವ ಜಾಗದಲ್ಲಿ ಸ್ಕ್ಯಾನಿಂಗ್ ಮಷಿನ್ ಇಟ್ಟುಕೊಂಡು ಹೊಟ್ಟೆಯಲ್ಲಿರುವುದು ಹೆಣ್ಣೋ ಗಂಡೋ ಅಂತ ನೋಡಿ ಹೇಳುತ್ತಿದ್ದರು. ಅದನ್ನು ತಡೆಯುವ ಕಾನೂನು 1994ರಿಂದ ಇದೆ. ನಾನು ಕೋಪದಲ್ಲಿ ಕೂತು ಬರೆದೆ. ಆಲೆಮನೆ ಅಂದರೆ ನಮಗೆ ಬಾಲ್ಯ. ಬಿಸಿ ಬೆಲ್ಲದ ಪಾಕ ಎಲೆ ಮೇಲೆ ಹಾಕಿಸಿಕೊಂಡು ತಿಂದ ಜಾಗ. ಅಲ್ಲಿಗೆ ಬಸುರಿ ಹೆಂಗಸರನ್ನು ಕರೆದುಕೊಂಡು ಬಂದವರು ಹೊರಗಿನವರೇನಲ್ಲ, ಗಂಡಂದಿರು, ಅತ್ತೆಯರು. ಬರೀ ಡಾಕ್ಟರು, ದಲ್ಲಾಳಿ ಅಂತ ಬಯ್ದು ಮುಗಿಸುವ ವಿಷಯ ಅಲ್ಲ ಅಂತ ಬರೆದೆ.

ಪತ್ರಿಕೆಯಿಂದ ಫೋನ್ ಬಂತು. "ಮೇಡಂ, ಚೆನ್ನಾಗಿದೆ. ಆದ್ರೆ ಸ್ವಲ್ಪ ಹೆವಿ ಆಯ್ತು. ಕುಟುಂಬದವ್ರನ್ನೆಲ್ಲಾ ಬಯ್ದಂಗಾಗುತ್ತೆ. ಇದನ್ನ ಮಹಿಳಾ ಪುರವಣಿಗೆ ಹಾಕೋಣ ಬಿಡಿ, ಕೊನೇ ಪ್ಯಾರಾ ತೆಗ್ದು." ಪುರವಣಿಯಲ್ಲಿ ಬಂತು. ಪಕ್ಕದಲ್ಲಿ ಅವರೆಕಾಳಿನ ಅಡುಗೆ, ಮೇಲೆ ಸೀರೆ ಅಂಗಡಿಯ ಜಾಹೀರಾತು. ಅಡುಗೆಯ ಮೇಲೆ ನನಗೆ ಸಿಟ್ಟಿಲ್ಲ, ಅವರೆಕಾಳು ಯಾರಿಗೆ ಬೇಡ. ಆದರೆ ಈ ಬರಹ ಓದಬೇಕಾಗಿದ್ದವರು ಗಂಡಸರು. ಅವರು ಪುರವಣಿ ಎತ್ತಿ ಹೆಂಡತಿಗೆ ಕೊಡುತ್ತಾರೆ, ತಾವು ಮುಖ್ಯ ಪತ್ರಿಕೆ ಓದುತ್ತಾರೆ.

ಆದರೂ ಮದ್ದೂರು ಕಡೆಯಿಂದ ಒಬ್ಬಳು ಫೋನ್ ಮಾಡಿದಳು. ನಂಬರ್ ಹೇಗೆ ಹುಡುಕಿದಳೋ. "ಅಕ್ಕಾ, ನೀವ್ ಬರ್ದಿದ್ನ ನಮ್ಮತ್ತೆಗೆ ಓದಿ ಹೇಳ್ದೆ. ಅವ್ಳಿಗೇನ್ ಗೊತ್ತು, ಅವ್ಳೇನ್ ಮೂರ್ ಹೆಣ್ ಹೆತ್ತವ್ಳಾ ಅಂದ್ರು." ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನ್ ಹೆತ್ತಿವ್ನಿ ಅಕ್ಕಾ, ಮೂರು. ಅದ್ಕೇ ಓದ್ದೆ" ಅಂದಳು. ಆ ಮೂರು ಮಕ್ಕಳ ಹೆಸರು ಕೇಳಿದೆ, ಹೇಳಿದಳು. ದೊಡ್ಡವಳು ಐದನೇ ಕ್ಲಾಸು. ನಾನು ಇಷ್ಟು ವರ್ಷ ಬರೆದಿದ್ದಕ್ಕೆ ಸಿಕ್ಕಿದ ಮರ್ಯಾದೆಗಳಲ್ಲಿ ಇದೇ ದೊಡ್ಡದು.

ಆಮೇಲೆ ಅಂಕಣ ನಿಧಾನಕ್ಕೆ ತೆಳುವಾಯಿತು. ಮೊದಲು ಎಂಟುನೂರು ಪದ, ಆಮೇಲೆ ಐನೂರು, ಆಮೇಲೆ 'ಈ ವಾರ ಜಾಗ ಇಲ್ಲ ಮೇಡಂ'. ಯಾರೂ ಬೇಡ ಅನ್ನಲಿಲ್ಲ. ಬೇಡ ಅಂದಿದ್ದರೆ ಜಗಳ ಆಡಬಹುದಿತ್ತು. ಅಂಕಣ ಅಂದರೆ ಬೇರೆಯವರ ಮನೆಯ ಜಗಲಿ. ಕೂತುಕೊಳ್ಳಿ ಅನ್ನುತ್ತಾರೆ, ಕಾಫಿಯನ್ನೂ ಕೊಡುತ್ತಾರೆ, ಮನೆಗೆ ನೆಂಟರು ಬಂದ ದಿನ ಏಳಬೇಕಾಗುತ್ತದೆ.

ಆಗ ನನಗೆ ತಿರುಮಲಾಂಬ ಹೊಸದಾಗಿ ಅರ್ಥವಾದರು. ಅವರ ಬರಹವನ್ನು ಪುರವಣಿಗೆ ತಳ್ಳುವವರು ಯಾರೂ ಇರಲಿಲ್ಲ. ಕೊನೇ ಪ್ಯಾರಾ ತೆಗೆಯುವವರು ಇರಲಿಲ್ಲ. ತಾವು ಬರೆದಿದ್ದು ಮಾತ್ರವಲ್ಲ, ಬೇರೆ ಹೆಂಗಸರು ಬರೆದಿದ್ದನ್ನೂ ಹಾಕಬೇಕೋ ಬೇಡವೋ ಅಂತ ತೀರ್ಮಾನಿಸುವ ಜಾಗದಲ್ಲಿ ಅವರೇ ಕೂತಿದ್ದರು. ಕನ್ನಡದಲ್ಲಿ ಇವತ್ತು ಬರೆಯುವ ಹೆಣ್ಣುಮಕ್ಕಳಿಗೆ ಬರವಿಲ್ಲ, ಅದರ ಬಗ್ಗೆ ನನಗೆ ತುಂಬಾ ಖುಷಿಯಿದೆ. ಆದರೆ ದಿನಪತ್ರಿಕೆಯ ಸಂಪಾದಕರ ಕುರ್ಚಿಯಲ್ಲಿ ಎಷ್ಟು ಹೆಂಗಸರಿದ್ದಾರೆ? ಮಾಲೀಕರ ಕುರ್ಚಿಯಲ್ಲಿ? ನಾವು ಮಹಿಳಾ ದಿನದಂದು ಲೇಖಕಿಯರನ್ನು ಎಣಿಸುತ್ತೇವೆ, ಸಂಪಾದಕಿಯರನ್ನು ಎಣಿಸುವುದಿಲ್ಲ. ತಿರುಮಲಾಂಬ ಅವರನ್ನು ಕೂಡ ಕಾದಂಬರಿಕಾರ್ತಿ ಅಂತ ಅಳೆದು, ಕಲೆ ಸಾಲದು ಅಂತ ಪಕ್ಕಕ್ಕಿಟ್ಟರು. ಅಳತೆಗೋಲೇ ತಪ್ಪು ಅಂತ ನನ್ನ ವಾದ.

ಇದನ್ನು ನನಗಿಂತ ಎಷ್ಟೋ ಮೊದಲು ಕಂಡವರು ನಮ್ಮ ಮೈಸೂರಿನಲ್ಲೇ ಇದ್ದರು. ವಿಜಯಾ ದಬ್ಬೆ. ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ದಬ್ಬೆಯವರು, ಮಾನಸಗಂಗೋತ್ರಿಯಲ್ಲಿ ಕನ್ನಡ ಪಾಠ ಹೇಳುತ್ತಿದ್ದರು. 1975ರಲ್ಲಿ 'ಇರುತ್ತವೆ' ಕವನ ಸಂಕಲನ ಬಂತು. ಎಪ್ಪತ್ತರ ದಶಕದ ಕೊನೆಯಲ್ಲಿ ಗೆಳತಿಯರ ಜೊತೆ ಸೇರಿ ಇಲ್ಲಿ 'ಸಮತಾ' ಕಟ್ಟಿದರು. ವರದಕ್ಷಿಣೆ ಸಾವು, ಅತ್ಯಾಚಾರ ಅಂದರೆ ಬೀದಿಗಿಳಿಯುತ್ತಿದ್ದ ಗುಂಪು ಅದು. ಕ್ಲಾಸಿನಲ್ಲಿ ಹಳಗನ್ನಡ ಕವಿ ನಾಗಚಂದ್ರ, ಸಂಜೆ ಧರಣಿ. ಎರಡೂ ಒಂದೇ ಕೆಲಸ ಅಂತ ನಂಬಿದ್ದವರು. ಹಳೆಯ ಲೇಖಕಿಯರನ್ನು, ಅದರಲ್ಲೂ ತಿರುಮಲಾಂಬ ಅವರನ್ನು ಹೊಸ ಕಣ್ಣಿನಿಂದ ಓದಬೇಕು ಅಂತ ಅವರು ಹೇಳಿದರು. ಒಂದು ಪುಸ್ತಕಕ್ಕೆ 'ಹಿತೈಷಿಣಿಯ ಹೆಜ್ಜೆಗಳು' ಅಂತಲೇ ಹೆಸರಿಟ್ಟರು. 1999ರ ಅಪಘಾತದಲ್ಲಿ ತಲೆಗೆ ಪೆಟ್ಟಾಯಿತು. ಮತ್ತೆ ಮೊದಲಿನಂತೆ ಬರೆಯಲು ಆಗಲಿಲ್ಲ. 2018ರಲ್ಲಿ ತೀರಿಕೊಂಡರು. ಆ ನಡುವಿನ ವರ್ಷಗಳಲ್ಲಿ ಅವರು ಬರೆಯಬಹುದಾಗಿದ್ದನ್ನು ನೆನೆದರೆ ನನಗೆ ಈಗಲೂ ತಡೆಯಲಾಗುವುದಿಲ್ಲ.

ತಿರುಮಲಾಂಬ ಅವರದ್ದು ಇನ್ನೊಂದು ಥರದ ಮೌನ. ಪತ್ರಿಕೆ ನಿಂತಿತು, ಬರಹ ನಿಂತಿತು, ಅವರು ಮದರಾಸಿಗೆ ಹೋಗಿ ಸಂಬಂಧಿಕರ ಜೊತೆ ಇದ್ದುಬಿಟ್ಟರು. ದಶಕಗಟ್ಟಲೆ. ಕನ್ನಡ ಸಾಹಿತ್ಯ ಲೋಕದಲ್ಲಿ ಬಹಳ ಜನ ಅವರು ತೀರಿಕೊಂಡಿದ್ದಾರೆ ಅಂತಲೇ ತಿಳಿದಿದ್ದರು. ಅವರನ್ನು ಹುಡುಕಿಕೊಂಡು ಹೋಗಿ, ಮತ್ತೆ ಕನ್ನಡಿಗರ ಮುಂದೆ ತಂದವರು ಬೆಂಗಳೂರಿನ ಎನ್‌ಎಂಕೆಆರ್‌ವಿ ಕಾಲೇಜಿನ ಚಿ.ನ. ಮಂಗಳಾ. ಮಂಗಳಾ ಅವರು ಕಟ್ಟಿದ ಮಹಿಳಾ ಅಧ್ಯಯನ ಕೇಂದ್ರ 'ಶಾಶ್ವತಿ' ಇವತ್ತಿಗೂ ತಿರುಮಲಾಂಬ ಹೆಸರಲ್ಲಿ ಲೇಖಕಿಯರಿಗೆ ಪ್ರಶಸ್ತಿ ಕೊಡುತ್ತದೆ. 1982ರಲ್ಲಿ, 95ನೇ ವಯಸ್ಸಿನಲ್ಲಿ ತಿರುಮಲಾಂಬ ಹೋದರು. ಹೆಂಗಸನ್ನು ಹೆಂಗಸರೇ ಹುಡುಕಿ ತೆಗೆಯಬೇಕಾಯಿತು ನೋಡಿ. ಮಂಗಳಾ ಹುಡುಕದಿದ್ದರೆ, ವಿಜಯಾ ಮೇಡಂ ಬರೆಯದಿದ್ದರೆ, ಒಂದು ಅಂಕದ ಪ್ರಶ್ನೆಯೂ ಉಳಿಯುತ್ತಿರಲಿಲ್ಲವೇನೋ.

ಹೋದ ಸಲ ನಂಜನಗೂಡಿಗೆ ಹೋದಾಗ ರಥಬೀದಿಯಲ್ಲಿ ಮೂರ್ನಾಲ್ಕು ಅಂಗಡಿಗಳಲ್ಲಿ ಕೇಳಿದೆ. ಒಬ್ಬರು ದೇವಸ್ಥಾನದ ಸಂಗೀತದವರಾ ಅಂದರು. ಇನ್ನೊಬ್ಬರು ತಿರುಮಲ ಅಂದರೆ ತಿರುಪತಿ ಬಸ್ಸು ಅಲ್ಲಿ ನಿಲ್ಲುತ್ತೆ ಅಂತ ಕೈ ತೋರಿಸಿದರು. ಒಬ್ಬ ಪುಸ್ತಕದಂಗಡಿ ಹುಡುಗ ಮಾತ್ರ, "ಕೆಎಎಸ್‌ಗೆ ಓದಿದ್ದೀನಿ ಮೇಡಂ, ಮೊದಲ ಪತ್ರಕರ್ತೆ" ಅಂದ. ಪತ್ರಿಕೆಯ ಹೆಸರೂ ಹೇಳಿದ. ಯಾವತ್ತಾದರೂ ಅದರ ಒಂದು ಸಂಚಿಕೆ ನೋಡಿದ್ದೀಯಾ ಅಂದೆ. ಇಲ್ಲ ಅಂದ. ಅದು ಅವನ ತಪ್ಪಲ್ಲ.

ಅದಕ್ಕೇ ಓದುತ್ತಿರುವವರಲ್ಲಿ ಒಂದು ಬೇಡಿಕೆ. ನಂಜನಗೂಡು, ಮೈಸೂರು, ಶ್ರೀರಂಗಪಟ್ಟಣ, ಮೇಲುಕೋಟೆ ಕಡೆಯ ಹಳೇ ಮನೆಗಳವರು ಇದ್ದರೆ ಅಟ್ಟದ ಮೇಲಿನ ಟ್ರಂಕು ಒಮ್ಮೆ ಇಳಿಸಿ ನೋಡಿ. ಮುತ್ತಜ್ಜಿಯ ಹಾಡಿನ ಪುಸ್ತಕ, ಪಂಚಾಂಗದ ನಡುವೆ 'ಕರ್ನಾಟಕ ನಂದಿನಿ'ಯೋ 'ಸತಿ ಹಿತೈಷಿಣಿ'ಯ ಪುಸ್ತಕವೋ ಸಿಕ್ಕೀತು. ಹಳೇ ಪೇಪರಿನವನಿಗೆ ತೂಕಕ್ಕೆ ಹಾಕಬೇಡಿ. ಲ್ಯಾಮಿನೇಷನ್ ಮಾಡಿಸಬೇಡಿ, ಟೇಪ್ ಅಂಟಿಸಬೇಡಿ. ಹಾಳೆ ಮುರಿಯುತ್ತಿದ್ದರೆ ಬಿಡಿಸಲು ಹೋಗಬೇಡಿ, ಇದ್ದ ಹಾಗೇ ಬಿಳಿ ಬಟ್ಟೆಯಲ್ಲಿ ಸುತ್ತಿಡಿ. ಹಾಳೆ ಗಟ್ಟಿಯಿದ್ದರೆ ಬೆಳಗಿನ ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ, ಪುಟಪುಟವೂ ಫೋಟೋ ತೆಗೆಯಿರಿ. ರಕ್ಷಾಪುಟ, ಜಾಹೀರಾತು, ಚಂದಾ ವಿವರ ಇರುವ ಪುಟವನ್ನು ಬಿಡಲೇಬೇಡಿ. ನನಗೆ ಬೇಕಾಗಿರುವುದು ಮುಖ್ಯವಾಗಿ ಆ ಪುಟಗಳೇ. ವರ್ಷಕ್ಕೆ ಎಷ್ಟು ಚಂದಾ ಇತ್ತು, ಯಾವ ಊರಿಗೆಲ್ಲಾ ಹೋಗುತ್ತಿತ್ತು, ಬಾಕಿ ಕಳಿಸಿ ಅಂತ ಅವರು ಯಾವ ಮಾತಿನಲ್ಲಿ ಕೇಳುತ್ತಿದ್ದರು ಅಂತ ನೋಡಬೇಕು.